ಹಳೇ ಚೀಟಿಯಲ್ಲಿ ಆಂಟಿಬಾಡಿ ಉಂಟು, ಹೊಸ ರಿಪೋರ್ಟಲ್ಲಿ ಇಲ್ಲ: ಯಾವುದನ್ನು ನಂಬುವುದು?

ತೋಟದಮನೆ, ಬದಿಯಡ್ಕ
ಎಲ್ಲರಿಗೂ ನಮಸ್ಕಾರ. ರಕ್ತದ ವಿಷಯ ಗೊತ್ತಿರುವವರು ಇದ್ದರೆ ಸ್ವಲ್ಪ ಹೇಳಿ. ಅಮ್ಮನಿಗೆ 68 ವರ್ಷ. ಮುಂದಿನ ತಿಂಗಳು ಸೊಂಟದ ಕೀಲು ಬದಲಾಯಿಸುವ ಆಪರೇಷನ್ ಉಂಟು. ಮಂಗಳೂರಿಗೆ ಓಡಾಡಲು ಮನೆಯಲ್ಲಿ ಜನ ಇಲ್ಲ, ಹಾಗಾಗಿ ಈ ಸಲ ಕಾಸರಗೋಡಿನ ಕಡೆಯೇ ಮಾಡಿಸುವುದು ಅಂತ ತೀರ್ಮಾನ. ಎರಡು ಬಾಟಲ್ ರಕ್ತ ರೆಡಿ ಇರಬೇಕು ಅಂದಿದ್ದಾರೆ. ಟೆಸ್ಟ್ ಎಲ್ಲ ಆಯಿತು. ಓ ಪಾಸಿಟಿವ್, ಆಂಟಿಬಾಡಿ ಸ್ಕ್ರೀನಿಂಗ್ ನೆಗೆಟಿವ್.

ವಿಷಯ ಎಂತ ಅಂದರೆ, ಹಳೇ ಫೈಲ್ ಹುಡುಕುವಾಗ 2014ರ ಒಂದು ಚೀಟಿ ಸಿಕ್ಕಿತು. ಆ ವರ್ಷ ಮಂಗಳೂರಲ್ಲಿ ಅಮ್ಮನ ಗರ್ಭಕೋಶ ತೆಗೆದಿದ್ದರು. ಅದಕ್ಕೆ ಮೊದಲು ರಕ್ತ ಹೋಗಿ ಹೋಗಿ ಸುಸ್ತಾಗಿ ಒಮ್ಮೆ ರಕ್ತ ಕೊಟ್ಟಿದ್ದರು, ತಿಂಗಳು ಬಿಟ್ಟು ಆಪರೇಷನ್ನಿಗೆ ಇನ್ನೊಮ್ಮೆ. ಚೀಟಿ ಅಂಗೈ ಅಗಲದ ಹಳದಿ ಕಾಗದ. ಡಿಸ್ಚಾರ್ಜ್ ಸಮ್ಮರಿಯ ಹಿಂದೆ ಗುಂಡುಪಿನ್ನಲ್ಲಿ ಚುಚ್ಚಿಟ್ಟದ್ದು, ಪಿನ್ನು ತುಕ್ಕು ಹಿಡಿದು ಕಾಗದಕ್ಕೂ ಕಲೆ. ಕೆಂಪು ಶಾಯಿಯಲ್ಲಿ "ಐಸಿಟಿ ಪಾಸಿಟಿವ್, ಆಂಟಿ-ಜೆಕೆಎ" ಅಂತ ಕೈಬರಹ, ಕೆಳಗೆ ಒಂದು ರಬ್ಬರ್ ಸ್ಟಾಂಪ್, ಅದನ್ನು ಓದಲು ದೇವರೇ ಬರಬೇಕು. ಆಗ ನಮಗೆ ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದರ ಸುದ್ದಿಯೇ ಇಲ್ಲ.

ಈಗ ವಾರ್ಡಿನ ಸಣ್ಣ ಡಾಕ್ಟ್ರಿಗೆ ತೋರಿಸಿದೆ. "ಅದು ಹಳೇದು, ಈಗ ನೆಗೆಟಿವ್ ಬಂದಿದೆಯಲ್ಲ, ತಲೆಬಿಸಿ ಬೇಡ" ಅಂದರು. ಆಗಿನದು ತಪ್ಪಾ, ಈಗಿನದು ತಪ್ಪಾ, ಅಥವಾ ಅಮ್ಮನಿಗೆ ಗುಣ ಆಯಿತಾ?

ಸುಮ್ನೆ_ಓದುವವ
ಹನ್ನೆರಡು ವರ್ಷ ಹಿಂದಿನ ಕೈಬರಹ ದೊಡ್ಡದಾ, ಇವತ್ತಿನ ಮೆಷಿನ್ ರಿಪೋರ್ಟ್ ದೊಡ್ಡದಾ? ಡಾಕ್ಟ್ರು ಬೇಡ ಅಂದ ಮೇಲೆ ನೀವೇಕೆ ಎಳೆದಾಡುತ್ತೀರಿ ಮಾರಾಯ್ರೆ. ಅಮ್ಮನಿಗೆ ಹೆದರಿಕೆ ಹುಟ್ಟಿಸಬೇಡಿ.

ರಕ್ತನಿಧಿ_ನಿವೃತ್ತೆ
ತೋಟದಮನೆಯವರೇ, ಆ ಚೀಟಿ ಬಿಸಾಡಬೇಡಿ. ಮೊದಲು ಅದರ ಫೋಟೋ ತೆಗೆದಿಡಿ, ಆಮೇಲೆ ಮುಂದೆ ಓದಿ.

ನಾನು ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್ ಆಗಿ ರಿಟೈರ್ ಆದವಳು. ಎರಡು ರಿಪೋರ್ಟೂ ಸರಿ ಇರಬಹುದು. ಚೀಟಿಯ ಐಸಿಟಿಯೂ ಈಗಿನ ಸ್ಕ್ರೀನಿಂಗೂ ನೋಡುವುದು ಒಂದನ್ನೇ, ಬೇರೆಯವರ ಕೆಂಪು ಕಣದ ವಿರುದ್ಧ ರಕ್ತದಲ್ಲಿ ಆಂಟಿಬಾಡಿ ಉಂಟಾ ಅಂತ. ಸ್ಕ್ರೀನಿಂಗ್ ನೆಗೆಟಿವ್ ಅಂದರೆ "ಇವತ್ತು ಈ ಸ್ಯಾಂಪಲ್‌ನಲ್ಲಿ ನಮಗೆ ಕಾಣುವಷ್ಟು ಆಂಟಿಬಾಡಿ ಇಲ್ಲ" ಅಂತ, ಅಷ್ಟೇ. ಯಾವತ್ತೂ ಇರಲಿಲ್ಲ ಅಂತ ಅಲ್ಲ. ಇನ್ನು ಬರುವುದಿಲ್ಲ ಅಂತ ಮೊದಲೇ ಅಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮಗೆ ಗೊತ್ತಿರುವುದು ಎ, ಬಿ, ಓ ಮತ್ತು ಪಾಸಿಟಿವ್ ನೆಗೆಟಿವ್. ಆದರೆ ಕೆಂಪು ಕಣದ ಮೇಲೆ ಗುರುತುಗಳು 300ಕ್ಕಿಂತ ಜಾಸ್ತಿ ಉಂಟು. ಕೆಲ್, ಡಫಿ, ಕಿಡ್ ಅಂತ ಬೇರೆ ಬೇರೆ ಗುಂಪಿನ ವ್ಯವಸ್ಥೆಗಳೇ 40 ದಾಟುತ್ತವೆ. ಜೆಕೆಎ ಅನ್ನುವುದು ಕಿಡ್ ವ್ಯವಸ್ಥೆಯದ್ದು, ಅಮೆರಿಕದ ಒಬ್ಬ ಬಾಣಂತಿಯ ರಕ್ತದಲ್ಲಿ ಸಿಕ್ಕಿದ ಆಂಟಿಬಾಡಿಯಿಂದ 1951ರಲ್ಲಿ ಗೊತ್ತಾದದ್ದು. ರಕ್ತ ಕೊಡುವಾಗ ಎಲ್ಲರಿಗೂ ನೋಡುವುದು ಎಬಿಒ ಮತ್ತು ಡಿ (ಪಾಸಿಟಿವ್ ನೆಗೆಟಿವ್ ಹೇಳುವ ಗುರುತು) ಮಾತ್ರ. ಉಳಿದದ್ದು ಹೊಂದಿದರೆ ಹೊಂದಿತು, ಇಲ್ಲದಿದ್ದರೆ ಇಲ್ಲ. ಹೆಚ್ಚಿನವರ ದೇಹ ಸುಮ್ಮನಿರುತ್ತದೆ. ಕೆಲವರ ದೇಹ ಸುಮ್ಮನಿರುವುದಿಲ್ಲ, ಇದು ನನ್ನದಲ್ಲ ಅಂತ ಆಂಟಿಬಾಡಿ ಮಾಡುತ್ತದೆ. ರಕ್ತ ತೆಗೆದುಕೊಂಡವರಲ್ಲಿ ಹೀಗಾಗುತ್ತದೆ, ಬಸಿರಾದವರಲ್ಲೂ ಆಗುತ್ತದೆ, ಯಾಕೆಂದರೆ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರುತ್ತದೆ. ನಿಮ್ಮ ಅಮ್ಮನಿಗೆ ಎರಡೂ ಆಗಿದೆ.

ಆಮೇಲೆ ಆ ಕಣಗಳು ಮೈಯಲ್ಲಿ ಇಲ್ಲದಾಗ ಆಂಟಿಬಾಡಿ ಮಾಡುವ ಕೆಲಸವೂ ನಿಧಾನಕ್ಕೆ ನಿಲ್ಲುತ್ತದೆ. ಐಜಿಜಿ ಅನ್ನುವ ಜಾತಿಯ ಈ ಆಂಟಿಬಾಡಿ ಸುಮಾರು ಮೂರು ವಾರಕ್ಕೆ ಅರ್ಧ ಆಗುತ್ತದೆ. ಹೊಸತು ಹುಟ್ಟದಿದ್ದರೆ ಕೆಲವು ತಿಂಗಳಲ್ಲಿ, ಕೆಲವರಿಗೆ ಕೆಲವು ವರ್ಷಗಳಲ್ಲಿ, ಟೆಸ್ಟಿಗೆ ಸಿಗುವ ಮಟ್ಟದಿಂದ ಕೆಳಗೆ ಇಳಿಯುತ್ತದೆ. ಎಲ್ಲ ಆಂಟಿಬಾಡಿಯೂ ಒಂದೇ ಥರ ಅಲ್ಲ. ಆಂಟಿ-ಡಿ ವರ್ಷಗಟ್ಟಲೆ ಗಟ್ಟಿಯಾಗಿ ನಿಲ್ಲುತ್ತದೆ. ಕಿಡ್ ಮಾತ್ರ ಬೇಗ ಮಾಯ ಆಗುವುದಕ್ಕೇ ಹೆಸರುವಾಸಿ.

ಆದರೆ ಅದನ್ನು ಮಾಡಲು ಕಲಿತ ಕಣಗಳು ಉಳಿದಿರುತ್ತವೆ. ತೋಟದಲ್ಲಿ ಕಳೆ ಕಿತ್ತ ಮೇಲೆ ನೆಲ ಸ್ವಚ್ಛ ಕಾಣುತ್ತದೆ, ಮೊದಲ ಮಳೆಗೆ ಎಲ್ಲ ಒಟ್ಟಿಗೆ ಎದ್ದು ಬರುತ್ತದೆಯಲ್ಲ, ಹಾಗೆ. ಜೆಕೆಎ ಇರುವ ರಕ್ತ ಮತ್ತೊಮ್ಮೆ ಹೋದರೆ ಕೆಲವೇ ದಿನದಲ್ಲಿ ಆಂಟಿಬಾಡಿ ಭರ್ರನೆ ಏರುತ್ತದೆ, ಕೊಟ್ಟ ರಕ್ತವನ್ನು ಒಡೆಯುತ್ತದೆ.

ಸುಮ್ನೆ_ಓದುವವ
ಅಕ್ಕ, ಕ್ರಾಸ್ ಮ್ಯಾಚ್ ಅಂತ ಒಂದು ಮಾಡುತ್ತಾರಲ್ಲ? ಕೊಡುವ ರಕ್ತ ಮತ್ತು ರೋಗಿಯ ರಕ್ತ ಸೇರಿಸಿ ನೋಡುವುದು. ಅದರಲ್ಲಿ ಗೊತ್ತಾಗುವುದಿಲ್ವಾ? ಗೊತ್ತಾಗುವುದಿಲ್ಲ ಅಂತಾದರೆ ಅದನ್ನು ಮಾಡುವುದು ಯಾಕೆ?

ರಕ್ತನಿಧಿ_ನಿವೃತ್ತೆ
ಒಳ್ಳೇ ಪ್ರಶ್ನೆ, ಕೇಳಬೇಕಾದದ್ದೇ. ಕ್ರಾಸ್ ಮ್ಯಾಚ್‌ನಲ್ಲಿ ಗೊತ್ತಾಗುವುದು ಇವತ್ತು ಇರುವ ಆಂಟಿಬಾಡಿ ಮಾತ್ರ. ಇಳಿದುಹೋದದ್ದು ಅಲ್ಲಿಯೂ ಕಾಣುವುದಿಲ್ಲ, ಕ್ರಾಸ್ ಮ್ಯಾಚ್ ಚಂದದಲ್ಲಿ ಹೊಂದುತ್ತದೆ, "ಕಂಪ್ಯಾಟಿಬಲ್" ಅಂತ ಲೇಬಲ್ ಅಂಟಿಸಿ ಕಳಿಸುತ್ತಾರೆ. ಯಾರದೂ ತಪ್ಪಿಲ್ಲ, ರಕ್ತ ಮಾತ್ರ ತಪ್ಪು.

ಕಿಡ್‌ನಲ್ಲಿ ಇನ್ನೊಂದು ಕಿತಾಪತಿ ಉಂಟು. ಅಪ್ಪ ಅಮ್ಮ ಇಬ್ಬರಿಂದಲೂ ಜೆಕೆಎ ಬಂದವರ ಕಣದ ಮೇಲೆ ಆ ಗುರುತು ಜಾಸ್ತಿ. ಒಬ್ಬರಿಂದ ಮಾತ್ರ ಬಂದಿದ್ದರೆ ಕಡಿಮೆ. ನಾವು ಇದನ್ನು ಡೋಸೇಜ್ ಅನ್ನುತ್ತೇವೆ. ಆಂಟಿಬಾಡಿ ಸ್ವಲ್ಪವೇ ಇದ್ದಾಗ ಮೊದಲನೇ ಥರದ ಕಣದ ಜೊತೆ ಮಾತ್ರ ಹಿಡಿಯುತ್ತದೆ, ಎರಡನೇ ಥರದ ಜೊತೆ ಹಿಡಿಯುವುದಿಲ್ಲ. ಅದಕ್ಕೇ ಸ್ಕ್ರೀನಿಂಗ್‌ಗೆ ಒಳ್ಳೇ ಕಂಪೆನಿಯ ಆಯ್ದ ಕಣ ಇಡುವುದು. ಆದರೆ ಕ್ರಾಸ್ ಮ್ಯಾಚ್‌ಗೆ ಸಿಗುವುದು ಯಾರೋ ಒಬ್ಬ ದಾನಿಯ ಕಣ. ಅವನದು ಎರಡನೇ ಥರದ್ದಾದರೆ ಟ್ಯೂಬ್‌ನಲ್ಲಿ ಏನೂ ಕಾಣದೆ ಹೋಗಬಹುದು, ಮೈಯೊಳಗೆ ಹೋದ ಮೇಲೆ ಕಾಣುತ್ತದೆ.

ಮತ್ತೆ ನಮ್ಮ ದೇಶದಲ್ಲಿ ಎಲ್ಲ ಕಡೆ ಸ್ಕ್ರೀನಿಂಗ್ ಮಾಡುವುದೂ ಇಲ್ಲ. ಹಲವು ಕಡೆ ಬರೀ ಕ್ರಾಸ್ ಮ್ಯಾಚ್. ನಿಮ್ಮ ಆಸ್ಪತ್ರೆ ಸ್ಕ್ರೀನಿಂಗ್ ಮಾಡಿದೆ ಅಂದರೆ ಅದು ಒಳ್ಳೆಯದೇ ಅಂತ ಲೆಕ್ಕ.

ಉಪ್ಪಳ_ಮೆಡಿಕಲ್ಸ್
ಮದ್ದಿನ ಅಂಗಡಿಯವ ನಾನು. ಒಂದು ಕೇಸ್ ಹೇಳುತ್ತೇನೆ, ಊರು ಹೆಸರು ಬೇಡ. ಮಳೆಗಾಲದಲ್ಲಿ ಒಬ್ಬರ ಮಗ ಬಂದು ಕಾಮಾಲೆಗೆ ಏನಾದರೂ ಕೊಡಿ ಅಂತ ಕೇಳಿದ. ತಂದೆಗೆ ಜ್ವರ, ಕಣ್ಣು ಹಳದಿ, ಮೂತ್ರ ಕಟ್ಟಂಚಾಯದ (ಹಾಲಿಲ್ಲದ ಚಹಾ) ಬಣ್ಣ. ನಮ್ಮ ಕಡೆ ಮಳೆಗಾಲದಲ್ಲಿ ಜ್ವರ ಜೊತೆ ಕಣ್ಣು ಹಳದಿ ಅಂದರೆ ಎಲ್ಲರ ತಲೆಗೂ ಮೊದಲು ಬರುವುದು ಇಲಿಜ್ವರ. ನನಗೂ ಹಾಗೆಯೇ ಅನಿಸಿತು, ಆಸ್ಪತ್ರೆಗೆ ಕಳಿಸಿದೆ. ಅಲ್ಲಿಯೂ ಮೊದಲು ಅದರದ್ದೇ ಟೆಸ್ಟ್. ಆಮೇಲೆ ಒಬ್ಬ ಹಿರಿಯ ಡಾಕ್ಟ್ರು ಬಂದು "ಹತ್ತಿರದಲ್ಲಿ ರಕ್ತ ಏನಾದರೂ ಕೊಟ್ಟಿದ್ದರಾ" ಅಂತ ಕೇಳಿದರಂತೆ. ಹೌದು, ಹಿಂದಿನ ವಾರ ಬೇರೆ ಕಡೆ ಕೊಟ್ಟಿದ್ದರು. ಮನೆಯವರಿಗೆ ಅದನ್ನು ಇದಕ್ಕೆ ಕೂಡಿಸಬೇಕು ಅಂತ ಹೊಳೆದೇ ಇರಲಿಲ್ಲ. ಈಗ ಅಕ್ಕ ಹೇಳಿದ್ದು ಓದಿ ಅದು ಇದೇ ಅಂತ ಅರ್ಥ ಆಯಿತು.

ರಕ್ತನಿಧಿ_ನಿವೃತ್ತೆ
ಅದೇ, ಅದೇ. ತಡವಾಗಿ ಬರುವ ರಿಯಾಕ್ಷನ್. ಸಾಮಾನ್ಯವಾಗಿ ರಕ್ತ ಕೊಟ್ಟು 3ರಿಂದ 14 ದಿನದೊಳಗೆ, ಕೆಲವೊಮ್ಮೆ ಇನ್ನೂ ತಡ. ಅಷ್ಟೊತ್ತಿಗೆ ರೋಗಿ ಮನೆಗೆ ಬಂದಿರುತ್ತಾರೆ. ಜ್ವರ, ಸುಸ್ತು, ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಏರಿದ ಹಿಮೋಗ್ಲೋಬಿನ್ ಮತ್ತೆ ಇದ್ದಲ್ಲಿಗೆ ಇಳಿಯುವುದು. ಕೆಲವರಿಗೆ ಏನೂ ಗೊತ್ತಾಗದೆ ಬರೀ ಹಿಮೋಗ್ಲೋಬಿನ್ ಇಳಿಯುತ್ತದೆ, "ರಕ್ತ ಹಿಡಿಯಲಿಲ್ಲ" ಅಂತ ಮತ್ತೊಂದು ಬಾಟಲ್ ಹಾಕುತ್ತಾರೆ, ಅದೂ ಒಡೆಯುತ್ತದೆ. ಕಿಡ್ ಆಂಟಿಬಾಡಿ ಸ್ವಲ್ಪ ಉಗ್ರ ಜಾತಿ, ಜೋರಾದರೆ ಕಿಡ್ನಿಗೂ ಪೆಟ್ಟು. ಡೈರೆಕ್ಟ್ ಕೂಂಬ್ಸ್ ಅಂತ, ಕೆಂಪು ಕಣಕ್ಕೆ ಆಂಟಿಬಾಡಿ ಅಂಟಿದೆಯಾ ಅಂತ ನೋಡುವ ಒಂದು ಟೆಸ್ಟ್ ಮಾಡಿದರೆ ಸಾಮಾನ್ಯವಾಗಿ ಸುಳಿವು ಸಿಗುತ್ತದೆ. 1945ರಿಂದ ಇರುವ ಟೆಸ್ಟ್, ಖರ್ಚೂ ದೊಡ್ಡದಲ್ಲ. ಆದರೆ ಮಾಡಬೇಕು ಅಂತ ಯಾರಿಗಾದರೂ ಹೊಳೆಯಬೇಕಲ್ಲ.

ಪುಟ್ಟಿಯಮ್ಮ
ನನ್ನ ಮಗಳಿಗೆ ಥಲಸ್ಸೇಮಿಯಾ. ಮೂರು ವಾರಕ್ಕೊಮ್ಮೆ ರಕ್ತ ಬೇಕು. ಹಾಗಾಗಿ ಈ ವಿಷಯ ನಾನು ಬೇಡ ಅಂದರೂ ಕಲಿತದ್ದು. ಅವಳಿಗೆ ಎರಡು ಆಂಟಿಬಾಡಿ, ಬಿಗ್ ಇ (ಡಿ ಥರ ಆರ್‌ಎಚ್ ವ್ಯವಸ್ಥೆಯದ್ದೇ ಇನ್ನೊಂದು ಗುರುತು) ಮತ್ತು ಕೆಲ್ ವಿರುದ್ಧ. ಮೊದಲ ಸಲ ರಕ್ತ ಕೊಡುವ ಮುಂಚೆಯೇ ಮಗುವಿನ ಪೂರ್ತಿ ಗುರುತು ಪಟ್ಟಿ ಮಾಡಿಡಬೇಕಿತ್ತು, ಮಾಡಿರಲಿಲ್ಲ. ಆಮೇಲೆ ಮೈಯಲ್ಲಿ ಯಾವಾಗಲೂ ಬೇರೆಯವರ ಕಣ ಬೆರೆತೇ ಇರುವುದರಿಂದ ಅವಳದ್ದು ಯಾವುದು, ದಾನಿಯದ್ದು ಯಾವುದು ಅಂತ ಸಾದಾ ಟೆಸ್ಟಿನಲ್ಲಿ ಬಿಡಿಸಲು ಆಗುವುದಿಲ್ಲ. ಕೊನೆಗೆ ಜೀನ್ ಟೆಸ್ಟ್ ಮಾಡಿಸಿ ತಿಳಿದುಕೊಂಡದ್ದು. ಸಣ್ಣ ಮಕ್ಕಳಿರುವವರು, ಮೊದಲ ಬಾಟಲ್‌ಗೆ ಮುಂಚೆ ಕೇಳಿ. ಆರ್‌ಎಚ್‌ನ ಉಳಿದ ಗುರುತುಗಳು ಮತ್ತು ಕೆಲ್ ನೋಡಿಯೇ ರಕ್ತ ಕೊಡಬೇಕು ಅಂತ ಥಲಸ್ಸೇಮಿಯಾ ಮಕ್ಕಳಿಗೆ ಈಗ ಎಲ್ಲ ಕಡೆ ಹೇಳುತ್ತಾರೆ.

ಅವಳ ಸ್ಕೂಲಿನ ಐಡಿ ಕಾರ್ಡಿನ ಹಿಂದೆ ಇನ್ನೊಂದು ಕಾರ್ಡ್ ಹಾಕಿದ್ದೇನೆ. ರಕ್ತದ ಗುಂಪು, ಎರಡು ಆಂಟಿಬಾಡಿಯ ಹೆಸರು, ಕಂಡುಹಿಡಿದ ತಿಂಗಳು, ಬ್ಲಡ್ ಬ್ಯಾಂಕಿನ ಫೋನ್ ನಂಬರ್. 2020ರಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ನಾವು ಮಂಗಳೂರಿಗೆ ಹೋಗಲು ಆಗದೆ ಕಣ್ಣೂರು ಕಡೆಗೆ ಓಡಿದೆವು. ಅಲ್ಲಿ ನಮ್ಮ ಯಾವ ಫೈಲೂ ಇಲ್ಲ. ಸ್ಕ್ರೀನಿಂಗ್‌ನಲ್ಲಿ ಕೆಲ್ ಮಾತ್ರ ಸಿಕ್ಕಿತು, ಬಿಗ್ ಇ ಕಾಣಲಿಲ್ಲ, ಇಳಿದುಹೋಗಿತ್ತು. ಕಾರ್ಡ್ ನೋಡಿದ ಆ ಟೆಕ್ನಿಷಿಯನ್ ಹುಡುಗ ಮಂಗಳೂರಿಗೆ ಫೋನ್ ಮಾಡಿ ಕೇಳಿ, ಎರಡೂ ಇಲ್ಲದ ರಕ್ತ ಹುಡುಕಿಕೊಟ್ಟ. ಅವನಿಗೆ ಇವತ್ತಿಗೂ ಓಣಂಗೆ ಮೆಸೇಜ್ ಹಾಕುತ್ತೇನೆ.

ಸುಮ್ನೆ_ಓದುವವ
ಸರಿ, ಒಪ್ಪಿದೆ. ಪುಟ್ಟಿಯಮ್ಮ ಹೇಳಿದ ಮೇಲೆ ವಾದ ಇಲ್ಲ. ಆದರೆ ತೋಟದಮನೆಯವರ ಚೀಟಿ ನಂಬಬಹುದು ಅಂತ ಹೇಗೆ? ಸ್ಟಾಂಪ್ ಓದಲು ಆಗುವುದಿಲ್ಲ, ಯಾರು ಬರೆದದ್ದು ಗೊತ್ತಿಲ್ಲ. ಬೇರೆ ರೋಗಿಯ ಚೀಟಿ ಇವರ ಫೈಲಿಗೆ ಸೇರಿರಬಾರದಾ? ಸರ್ಕಾರಿ ಆಫೀಸಲ್ಲಿ ಕೆಲಸ ಮಾಡಿದವ ನಾನು, ಕಾಗದ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತು.

ಮಾಷ್ಟ್ರು_ಕುಂಬಳೆ
ಈ ಮಾತಿನಲ್ಲಿ ಹುರುಳಿದೆ. ನಮ್ಮ ಗಡಿ ಊರಿನ ಗೋಳೇ ಇದು. ಹೆರಿಗೆ ಒಂದು ರಾಜ್ಯದಲ್ಲಿ, ಆಪರೇಷನ್ ಇನ್ನೊಂದು ರಾಜ್ಯದಲ್ಲಿ. ನನ್ನ ಹೆಂಡತಿಯ ಫೈಲುಗಳನ್ನೇ ನೋಡಿ. ಕೇರಳದ ಕಡೆಯ ಕಾಗದದಲ್ಲಿ ಹೆಸರಿನ ಮುಂದೆ ಮನೆತನದ ಇನಿಶಿಯಲ್. ಮಂಗಳೂರಿನ ಫೈಲಿನಲ್ಲಿ ಹೆಸರಿನ ಮುಂದೆ ನನ್ನ ಹೆಸರು. ಹಳೇದು ಒಂದರಲ್ಲಿ ತವರಿನವರ ಅಡ್ಡಹೆಸರು. ವಯಸ್ಸಂತೂ ಪ್ರತಿ ಫೈಲಿಗೂ ಬೇರೆ, ಕೌಂಟರಿನಲ್ಲಿ ಕೇಳಿದಾಗ ಬಾಯಿಗೆ ಬಂದದ್ದು ಹೇಳಿದ್ದು. ಕಂಪ್ಯೂಟರ್ ಇವರನ್ನು ಮೂರು ಹೆಂಗಸರು ಅಂತ ಲೆಕ್ಕ ಹಾಕಿದರೆ ಅದರ ತಪ್ಪೇನು?

ಇನ್ನು ಹಳೇ ಆಸ್ಪತ್ರೆಗೆ ಹೋಗಿ ಕೇಳಿದರೆ ಸಿಗುತ್ತದಾ ಅಂದರೆ, ಅದೂ ಕಷ್ಟ. 2002ರ ವೈದ್ಯರ ನಡತೆ ನಿಯಮದಲ್ಲಿ ಒಳರೋಗಿಯ ದಾಖಲೆ ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು ಅಂತ ಉಂಟು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತಲೂ ಉಂಟು. ಬ್ಲಡ್ ಬ್ಯಾಂಕಿನ ದಾಖಲೆಗೆ ಡ್ರಗ್ಸ್ ನಿಯಮದ ಪ್ರಕಾರ 5 ವರ್ಷ. 2014ರ ರಿಜಿಸ್ಟರ್ ಈಗ ಹರಿದು ಹಾಕಿದ್ದರೆ ಯಾರನ್ನೂ ದೂರುವಂತಿಲ್ಲ. ಕೆಲವು ದೊಡ್ಡ ಕಡೆ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುತ್ತಾರೆ, ಹಾಗಾಗಿ ಒಮ್ಮೆ ಫೋನ್ ಮಾಡುವುದರಲ್ಲಿ ನಷ್ಟ ಇಲ್ಲ. ಡಿಸ್ಚಾರ್ಜ್ ಸಮ್ಮರಿಯ ತಲೆಯಲ್ಲಿ ಒಂದು ನಂಬರ್ ಇರುತ್ತದೆ, ಹೆಸರಿಗಿಂತ ಅದನ್ನು ಹೇಳಿ.

ರಕ್ತನಿಧಿ_ನಿವೃತ್ತೆ
ಚೀಟಿ ಅಮ್ಮನದ್ದೇ ಹೌದಾ ಅಂತ ನೋಡಲು ಒಂದು ದಾರಿ ಉಂಟು. ಯಾರಿಗೂ ತಮ್ಮ ಕಣದಲ್ಲೇ ಇರುವ ಗುರುತಿನ ವಿರುದ್ಧ ಈ ಥರದ ಆಂಟಿಬಾಡಿ ಬರುವುದಿಲ್ಲ. ಅಂದರೆ ಅಮ್ಮನಿಗೆ ಆಂಟಿ-ಜೆಕೆಎ ಬಂದಿದ್ದು ನಿಜವಾದರೆ, ಅವರ ಸ್ವಂತ ಕೆಂಪು ಕಣದಲ್ಲಿ ಜೆಕೆಎ ಇರಬಾರದು. ಬ್ಲಡ್ ಬ್ಯಾಂಕಿನಲ್ಲಿ ಜೆಕೆಎ ಟೈಪಿಂಗ್, ಅಂದರೆ ಕಣದಲ್ಲಿ ಆ ಗುರುತು ಉಂಟಾ ಅಂತ ನೋಡುವ ಟೆಸ್ಟ್, ಮಾಡಿಕೊಡಿ ಅಂತ ಕೇಳಿ. ಕಳೆದ ಮೂರು ತಿಂಗಳಲ್ಲಿ ರಕ್ತ ತೆಗೆದುಕೊಂಡಿಲ್ಲ ಅಲ್ವಾ? ತೆಗೆದುಕೊಂಡಿದ್ದರೆ ದಾನಿಯ ಕಣ ಬೆರೆತು ಟೈಪಿಂಗ್ ಕೆಡುತ್ತದೆ.

ಟೈಪಿಂಗ್ ಪಾಸಿಟಿವ್ ಬಂದರೆ ಚೀಟಿ ಬೇರೆಯವರದ್ದು ಅಥವಾ ಆಗಿನ ಟೆಸ್ಟ್ ತಪ್ಪು ಅಂತ ಅನುಮಾನಿಸಬಹುದು. ನೆಗೆಟಿವ್ ಬಂದರೆ ಚೀಟಿಗೆ ಬಲ ಬಂತು. ಪೂರ್ತಿ ಸಾಕ್ಷಿ ಅಲ್ಲ, ಯಾಕೆಂದರೆ ನಮ್ಮಲ್ಲಿ ಜೆಕೆಎ ಇಲ್ಲದವರು ಸುಮಾರು ನಾಲ್ಕೈದು ಜನರಲ್ಲಿ ಒಬ್ಬರು ಇರುತ್ತಾರೆ. ಆದರೆ ಬ್ಲಡ್ ಬ್ಯಾಂಕಿನವರಿಗೆ ಅಷ್ಟು ಸಾಕು, ಆಮೇಲೆ ಅವರು ಜೆಕೆಎ ಇಲ್ಲದ ರಕ್ತವನ್ನೇ ಕೊಡುತ್ತಾರೆ.

ಇಲ್ಲಿ ನನಗೆ ಸಿಟ್ಟು ಬರುವುದು ಯಾಕೆ ಅಂದರೆ ಇದೇ ಲೆಕ್ಕಕ್ಕೆ. ನಾಲ್ಕೈದು ಬಾಟಲ್‌ನಲ್ಲಿ ಒಂದು ಹೊಂದುತ್ತದೆ. ಬಾಂಬೆ ಗುಂಪಿನ ಥರ ಊರೂರು ಹುಡುಕುವ ರಕ್ತ ಅಲ್ಲ ಇದು. ಫ್ರಿಜ್ಜಿನಲ್ಲಿರುವ ಹತ್ತು ಓ ಪಾಸಿಟಿವ್ ಬ್ಯಾಗ್ ಟೈಪ್ ಮಾಡಿದರೆ ಎರಡು ಸಿಗುವ ಸಾಧ್ಯತೆ ಒಳ್ಳೇದೇ ಉಂಟು. ಗೊತ್ತಿದ್ದರೆ ಒಂದು ಮಧ್ಯಾಹ್ನದ ಕೆಲಸ. ಗೊತ್ತಿಲ್ಲದಿದ್ದರೆ ಐಸಿಯು. ಆ ಸಣ್ಣ ಡಾಕ್ಟ್ರಿಗೆ ಬೈಯಬೇಡಿ, ಆದರೆ ಅವರ ಹತ್ತಿರ ನಿಲ್ಲಿಸಲೂ ಬೇಡಿ. ನೇರ ಬ್ಲಡ್ ಬ್ಯಾಂಕಿನ ಮೆಡಿಕಲ್ ಆಫೀಸರ್ ಹತ್ತಿರ ಹೋಗಿ. ಅರಿವಳಿಕೆ ಡಾಕ್ಟ್ರಿಗೂ ಹೇಳಿ.

ಮುಳ್ಳೇರಿಯ_ತಂಗಿ
ಅಕ್ಕ, ನಡುವೆ ಕೇಳುತ್ತಿದ್ದೇನೆ, ಬೇಜಾರು ಮಾಡಬೇಡಿ. ನಂದು ಓ ನೆಗೆಟಿವ್, ಈಗ 32 ವಾರ. 28ನೇ ವಾರಕ್ಕೆ ಆಂಟಿ-ಡಿ ಇಂಜೆಕ್ಷನ್ ಕೊಟ್ಟಿದ್ದರು. ಈಗ ತವರಿಗೆ ಬಂದು ಇಲ್ಲಿ ತೋರಿಸಿದರೆ ಐಸಿಟಿ ಪಾಸಿಟಿವ್ ಅಂತ ಬಂತು. ಇಲ್ಲಿಯವರು ಮಗುವಿಗೆ ತೊಂದರೆ ಆಗಬಹುದು ಅಂತ ಹೆದರಿಸಿದರು. ನಿನ್ನೆ ರಾತ್ರಿ ನಿದ್ದೆ ಇಲ್ಲ.

ರಕ್ತನಿಧಿ_ನಿವೃತ್ತೆ
ತಂಗಿ, ಇಂಜೆಕ್ಷನ್ ಕೊಟ್ಟ ವಿಷಯ ಇಲ್ಲಿಯ ಡಾಕ್ಟ್ರಿಗೆ ಹೇಳಿದ್ದೀಯಾ? ಆ ಇಂಜೆಕ್ಷನ್ ಅಂದರೆ ಆಂಟಿ-ಡಿ ಆಂಟಿಬಾಡಿಯೇ, ನಿನ್ನ ದೇಹ ತಾನಾಗಿ ಅದನ್ನು ಮಾಡದಿರಲಿ ಅಂತ ಕೊಡುವುದು. ಅದು ರಕ್ತದಲ್ಲಿ ಕೆಲವು ವಾರ, ಕೆಲವರಿಗೆ ಎರಡು ಮೂರು ತಿಂಗಳು ಟೆಸ್ಟಿಗೆ ಸಿಗುತ್ತದೆ, ಆಮೇಲೆ ಇಳಿಯುತ್ತದೆ. ಕೊಟ್ಟ ಆಂಟಿಬಾಡಿಯಾ, ನಿನ್ನ ದೇಹವೇ ಮಾಡಿದ್ದಾ ಅಂತ ಟ್ಯೂಬ್ ನೋಡಿ ಹೇಳುವುದು ಕಷ್ಟ. ತಾರೀಕು ನೋಡಿಯೇ ಲೆಕ್ಕ ಹಾಕುವುದು. ಇಂಜೆಕ್ಷನ್‌ಗೆ ಮುಂಚೆ ಮಾಡಿದ ಐಸಿಟಿ ರಿಪೋರ್ಟ್ ಹುಡುಕು. ಅದು ನೆಗೆಟಿವ್ ಇದ್ದರೆ ಈಗ ಕಾಣುವುದು ಹೆಚ್ಚಾಗಿ ಇಂಜೆಕ್ಷನ್ನಿನದ್ದೇ. ಆ ರಿಪೋರ್ಟ್ ಮತ್ತು ಇಂಜೆಕ್ಷನ್ನಿನ ತಾರೀಕು ಎರಡನ್ನೂ ತೆಗೆದುಕೊಂಡು ನಾಳೆಯೇ ಡಾಕ್ಟ್ರನ್ನು ಕಾಣು, ಟೈಟರ್ (ಆಂಟಿಬಾಡಿ ಎಷ್ಟು ಉಂಟು ಅಂತ ಅಳೆಯುವುದು) ಬೇಕಾ ಬೇಡವಾ ಅವರು ನೋಡುತ್ತಾರೆ. ಹೆರಿಗೆ ಆದ ಮೇಲೆ ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ಇನ್ನೊಂದು ಇಂಜೆಕ್ಷನ್ ಉಂಟು. "ಐಸಿಟಿ ಪಾಸಿಟಿವ್ ಇದೆ, ಇನ್ನು ಇಂಜೆಕ್ಷನ್ ಬೇಡ" ಅಂತ ಯಾರಾದರೂ ಹೇಳಿದರೆ ಸುಮ್ಮನೆ ಒಪ್ಪಿಕೊಳ್ಳಬೇಡ, ಮೊದಲು ಆ ತಾರೀಕು ತೋರಿಸು.

ಮುಳ್ಳೇರಿಯ_ತಂಗಿ
ಹಳೇ ರಿಪೋರ್ಟ್ ಗಂಡನ ಮನೆಯಲ್ಲಿ ಉಂಟು. ಈಗಲೇ ವಾಟ್ಸಾಪ್ ಮಾಡಲು ಹೇಳಿದೆ. ಥ್ಯಾಂಕ್ಸ್ ಅಕ್ಕ.

ಹೊಸಂಗಡಿ_ರಕ್ತದಾನಿ
ನಮ್ಮ ಗ್ರೂಪಿನಿಂದ ತೋಟದಮನೆಯವರಿಗೆ ದಾನಿಗಳನ್ನು ಕೊಡುತ್ತೇವೆ. "ಓ ಪಾಸಿಟಿವ್, ಜೆಕೆಎ ನೆಗೆಟಿವ್ ಬೇಕು" ಅಂತ ಸ್ಟೇಟಸ್ ಹಾಕಲಾ? ಅಥವಾ ಮಕ್ಕಳೇ ಕೊಡುವುದು ಒಳ್ಳೆಯದಾ? ಮನೆಯವರ ರಕ್ತ ಹೊಂದುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ರಕ್ತನಿಧಿ_ನಿವೃತ್ತೆ
ಸ್ಟೇಟಸ್ ಬೇಡ ತಮ್ಮ. ಜೆಕೆಎ ಉಂಟಾ ಇಲ್ವಾ ಅಂತ ಯಾವ ದಾನಿಗೂ ಗೊತ್ತಿರುವುದಿಲ್ಲ. ಸುಮ್ನೆ ಐನೂರು ಜನ ಫಾರ್ವರ್ಡ್ ಮಾಡುತ್ತಾರೆ, ಆಪರೇಷನ್ ಮುಗಿದು ವರ್ಷ ಕಳೆದರೂ ಆ ಮೆಸೇಜ್ ಸುತ್ತುತ್ತಾ ಇರುತ್ತದೆ. ಓ ಪಾಸಿಟಿವ್ ದಾನಿಗಳನ್ನು ಬ್ಲಡ್ ಬ್ಯಾಂಕಿಗೆ ಮೊದಲೇ ಕಳಿಸಿ. ಸ್ಟಾಕ್ ಜಾಸ್ತಿ ಇದ್ದರೆ ಅವರಿಗೆ ಟೈಪ್ ಮಾಡಿ ಆರಿಸಲು ಸುಲಭ.

ಮನೆಯವರದ್ದು ಬೇಡ, ಅದರಲ್ಲೂ ಮಕ್ಕಳದ್ದು, ಗಂಡನದ್ದು ಬೇಡ. ಅಮ್ಮನಿಗೆ ಜೆಕೆಎ ವಿರುದ್ಧ ಆಂಟಿಬಾಡಿ ಬಂದದ್ದು ಹೆರಿಗೆಯಿಂದ ಆಗಿರಬಹುದು, ರಕ್ತದಿಂದ ಆಗಿರಬಹುದು. ಹೆರಿಗೆಯಿಂದ ಅಂತಾದರೆ ಆ ಗುರುತು ಅಪ್ಪನಿಂದ ಮಕ್ಕಳಿಗೆ ಬಂದದ್ದು. ಅಂದರೆ ಈ ಅಮ್ಮನಿಗೆ ಸರಿಹೊಂದದ ರಕ್ತ ಆ ಮನೆಯಲ್ಲೇ ಇರುವ ಸಾಧ್ಯತೆ ಜಾಸ್ತಿ. ಇದು ಬಿಟ್ಟು ಹತ್ತಿರದ ಸಂಬಂಧಿಕರ ರಕ್ತವನ್ನು ರೇಡಿಯೇಷನ್ ಕೊಡದೆ ಹಾಕಿದರೆ ಇನ್ನೊಂದು ಅಪಾಯ ಉಂಟು, ಅಪರೂಪ, ಆದರೆ ಬಂದರೆ ಉಳಿಯುವುದು ಕಷ್ಟ. ಮಕ್ಕಳು ಕೊಡಲಿ, ಬೇರೆಯವರಿಗೆ ಆಗುತ್ತದೆ.

ತೋಟದಮನೆ, ಬದಿಯಡ್ಕ
ಎಲ್ಲರಿಗೂ ಉತ್ತರ ಕೊಡಲು ತಡವಾಯಿತು. ಬ್ಲಡ್ ಬ್ಯಾಂಕಿಗೆ ಹೋಗಿದ್ದೆ. ಅಲ್ಲಿಯ ಮೇಡಂ ಚೀಟಿ ನೋಡಿದ ಕೂಡಲೇ ಎದ್ದು ನಿಂತರು. ವಾರ್ಡಿಗೆ ಅವರೇ ಫೋನ್ ಮಾಡಿದರು. ಜೆಕೆಎ ಟೈಪಿಂಗ್‌ನ ಸೀರಮ್ ಅವರಲ್ಲಿ ಇರಲಿಲ್ಲ, ಸ್ಯಾಂಪಲ್ ಮಂಗಳೂರಿಗೆ ಕಳಿಸಿದರು. ಇವತ್ತು ರಿಸಲ್ಟ್ ಬಂತು: ಜೆಕೆಎ ನೆಗೆಟಿವ್. ಹಳೇ ಆಸ್ಪತ್ರೆಗೂ ಮಾಷ್ಟ್ರು ಹೇಳಿದ ಹಾಗೆ ನಂಬರ್ ಕೊಟ್ಟು ಫೋನ್ ಮಾಡಿದೆ, 2014ರ ರಿಜಿಸ್ಟರ್ ಇಲ್ಲ ಅಂದರು. ಅಂದರೆ ಈ ಹಳದಿ ಕಾಗದ ಒಂದೇ ಉಳಿದದ್ದು.

ಮೇಡಂ ಒಂದು ಕಾರ್ಡ್ ಬರೆದುಕೊಟ್ಟರು. ಅದರಲ್ಲಿ "ಮುಂದೆ ಸ್ಕ್ರೀನಿಂಗ್ ನೆಗೆಟಿವ್ ಬಂದರೂ ಜೆಕೆಎ ನೆಗೆಟಿವ್ ರಕ್ತವನ್ನೇ ಕೊಡಬೇಕು, ಕೂಂಬ್ಸ್ ಕ್ರಾಸ್ ಮ್ಯಾಚ್ ಮಾಡಬೇಕು" ಅಂತ ಇದೆ. ಮೇಲೆ ಹೆಸರು, ಆಧಾರ್‌ನಲ್ಲಿ ಇರುವ ಹಾಗೆಯೇ. ಅಮ್ಮ ಅದನ್ನು ಪಡಿತರ ಚೀಟಿಯ ಜೊತೆ ಇಟ್ಟಿದ್ದಾರೆ, ಅಂದರೆ ಇನ್ನು ಅದು ಕಳೆದುಹೋಗುವುದಿಲ್ಲ.

ಮಾಷ್ಟ್ರು_ಕುಂಬಳೆ
ಒಳ್ಳೆಯದಾಯಿತು. ಅಮ್ಮನಿಗೆ ಆಭಾ ನಂಬರ್ (ಆರೋಗ್ಯ ದಾಖಲೆ ಜೋಡಿಸುವ ಸರ್ಕಾರದ ನಂಬರ್) ಮಾಡಿಸಿದ್ದೀರಾ? 14 ಅಂಕಿಯದ್ದು, 2021ರಿಂದ ದೇಶ ಪೂರ್ತಿ ಉಂಟು. ಎರಡು ರಾಜ್ಯಕ್ಕೆ ಓಡಾಡುವ ನಮಗೆ ಅದು ಉಪಕಾರವೇ. ಆದರೆ ಅದರ ಮೇಲೆ ಭಾರ ಹಾಕಿ ಕೂರಬೇಡಿ. ಜೋಡಣೆ ಆದ ಆಸ್ಪತ್ರೆಯ ದಾಖಲೆ ಮಾತ್ರ ಅದಕ್ಕೆ ಬರುವುದು, ನಿಮ್ಮ ಹಳದಿ ಚೀಟಿ ತಾನಾಗಿ ಹೋಗಿ ಕೂರುವುದಿಲ್ಲ. ಈ ಸಲದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಆಂಟಿಬಾಡಿಯ ಹೆಸರು ಬರೆಸಿಯೇ ಬಿಲ್ ಕಟ್ಟಿ.

ಉಪ್ಪಳ_ಮೆಡಿಕಲ್ಸ್
ಮತ್ತೆ ಲ್ಯಾಬಿನ ಸಣ್ಣ ನುಣುಪು ಕಾಗದದ ಪ್ರಿಂಟ್ ಇದ್ದರೆ ಜೆರಾಕ್ಸ್ ಮಾಡಿಸಿ. ಬಸ್ ಟಿಕೆಟಿನ ಕಾಗದವೇ ಅದು, ಒಂದು ಬೇಸಗೆ ದಾಟಿದರೆ ಬೋಳು. ಅದನ್ನೇ ಲ್ಯಾಮಿನೇಷನ್ ಮಾಡಲು ಕೊಡಬೇಡಿ, ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ನನ್ನ ಅಂಗಡಿಯ ಪಕ್ಕದಲ್ಲೇ ಲ್ಯಾಮಿನೇಷನ್‌ನವ ಇರುವುದು, ದಿನಾ ಒಂದು ಜಗಳ ನೋಡುತ್ತೇನೆ.

ರಕ್ತನಿಧಿ_ನಿವೃತ್ತೆ
ತೋಟದಮನೆಯವರೇ, ಕೊನೆಗೆ ಎರಡು ವಿಷಯ. ಆಪರೇಷನ್ನಿಗೆ ಮುಂಚೆ ಸ್ಯಾಂಪಲ್ ಮತ್ತೆ ತೆಗೆಯುತ್ತಾರೆ, ಹಳೇದು ನಡೆಯುವುದಿಲ್ಲ, ಅದಕ್ಕೆ ತಕರಾರು ಮಾಡಬೇಡಿ. ರಕ್ತ ಹಾಕಬೇಕಾಗಿ ಬಂದರೆ, ಮನೆಗೆ ಬಂದ ಮೇಲೆ ಎರಡು ವಾರ ಮೂತ್ರದ ಬಣ್ಣ, ಕಣ್ಣು, ಜ್ವರ ನೋಡುತ್ತಾ ಇರಿ. ಒಂದು ವಾರ ಕಳೆದ ಮೇಲೆ ಹಿಮೋಗ್ಲೋಬಿನ್ ಒಮ್ಮೆ ಮಾಡಿಸಿ. ಒಂದು ಆಂಟಿಬಾಡಿ ಮಾಡಿದವರ ದೇಹ ಇನ್ನೊಂದು ಮಾಡುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಹಾಗಾಗಿ ಜೆಕೆಎ ನೋಡಿ ಕೊಟ್ಟರೂ ಬೇರೆ ಏನಾದರೂ ಬರಬಹುದು. ಏನಾದರೂ ಕಂಡರೆ ಯಾವ ಆಸ್ಪತ್ರೆಗೆ ಹೋದರೂ ಬಾಗಿಲಲ್ಲೇ "ಇಂಥಾ ದಿನ ರಕ್ತ ಕೊಟ್ಟಿದ್ದಾರೆ" ಅಂತ ಹೇಳಿ, ಕೇಳುವವರೆಗೆ ಕಾಯಬೇಡಿ.

ತೋಟದಮನೆ, ಬದಿಯಡ್ಕ
ಸರಿ ಅಕ್ಕ. ಮೇಡಂಗೆ ಎರಡು ಬ್ಯಾಗ್ ಸಿಕ್ಕಿದೆಯಂತೆ. ಹೊಸಂಗಡಿಯವರು ಕಳಿಸಿದ ಹುಡುಗರದ್ದಾ, ಮೊದಲೇ ಇದ್ದದ್ದಾ ಗೊತ್ತಿಲ್ಲ, ಅವರು ಹೇಳುವುದಿಲ್ಲ.

ಹೊಸಂಗಡಿ_ರಕ್ತದಾನಿ
ಹೇಳಬಾರದು ಅಣ್ಣ, ಅದು ನಿಯಮ. ಆಪರೇಷನ್ ದಿನ ಬೇರೆ ಓ ಪಾಸಿಟಿವ್ ಬೇಕಾದರೆ ಬೆಳಿಗ್ಗೆ ಆರರ ನಂತರ ಯಾವಾಗ ಬೇಕಾದರೂ ಮೆಸೇಜ್ ಹಾಕಿ.